ಗೇಮ್ ಆಡುವಾಗ ಪ್ರೊಸೆಸರ್ 100 ಡಿಗ್ರಿ: ತಪ್ಪು ಬಳ್ಳಾರಿ ಬಿಸಿಲಿನದೋ, ಕೂಲರಿನದೋ?

ಅಕ್ಕನ ಮಗ ಬೆಂಗಳೂರಲ್ಲಿ ಓದುತ್ತಾನೆ. ಏಪ್ರಿಲ್ ರಜೆಗೆ ಬರುವಾಗ ತನ್ನ ಗೇಮಿಂಗ್ ಪಿಸಿಯನ್ನೂ ಬಸ್ಸಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದ. ಅಲ್ಲಿ ಸಲೀಸಾಗಿ ಓಡುತ್ತಿದ್ದ ಗೇಮ್ ಇಲ್ಲಿ ಶುರುವಾದ ಎರಡೇ ನಿಮಿಷಕ್ಕೆ ತಡವರಿಸತೊಡಗಿತು. ಚಿತ್ರ ನಿಲ್ಲುತ್ತೆ, ಓಡುತ್ತೆ, ಮತ್ತೆ ನಿಲ್ಲುತ್ತೆ. ತಾಪಮಾನ ನೋಡಿದರೆ ಪ್ರೊಸೆಸರ್ 100 ಡಿಗ್ರಿ ಮುಟ್ಟಿ ಕೂತಿದೆ.

"ಮಾಮ, ಇದು ನಿಮ್ಮೂರ ಬಿಸಿಲಿಗೇ ಹಿಂಗಾಗ್ತೈತೆ ಬಿಡು" ಅಂದ. ಮನೆಯಲ್ಲಿ ಎಲ್ಲರೂ ಹೌದು ಹೌದು ಅಂದರು. ಬಳ್ಳಾರಿಯಲ್ಲಿ ಏನು ಬಿಸಿಯಾದರೂ ಬಿಸಿಲಿನ ತಲೆಗೇ ಕಟ್ಟುವುದು ನಮಗೆಲ್ಲ ರೂಢಿ. ನನಗೆ ಮಾತ್ರ ಲೆಕ್ಕ ಕೂಡಲಿಲ್ಲ.

ಲೆಕ್ಕ ಬಹಳ ಸುಲಭ. ಪ್ರೊಸೆಸರ್ ತಾಪಮಾನದಲ್ಲಿ ರೂಮಿನ ತಾಪಮಾನ ಕಳೆಯಿರಿ. ಉಳಿಯುವುದೇ ನಿಮ್ಮ ಕಂಪ್ಯೂಟರ್ ತಾನಾಗಿ ಏರಿಸಿಕೊಂಡ ಬಿಸಿ. ಬೆಂಗಳೂರಿನ ಅವನ ರೂಮಲ್ಲಿ ಸುಮಾರು 27 ಡಿಗ್ರಿ ಇರುತ್ತಿತ್ತಂತೆ, ಗೇಮಲ್ಲಿ ಪ್ರೊಸೆಸರ್ 76. ಅಂದರೆ ಏರಿಕೆ 49. ಕೂಲರ್ ಅಂದರೆ ಇಲ್ಲಿ ಪ್ರೊಸೆಸರಿನ ಮೇಲೆ ಕೂತು ಅದರ ಬಿಸಿ ಇಳಿಸುವ ಲೋಹದ ರೆಕ್ಕೆ ಮತ್ತು ಫ್ಯಾನ್. ಗಾಳಿಯಿಂದ ತಣ್ಣಗಾಗುವ ಯಾವ ಕೂಲರ್ ಇದ್ದರೂ ರೂಮು ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರೂ ಹೆಚ್ಚುಕಮ್ಮಿ ಹತ್ತು ಡಿಗ್ರಿ ಬಿಸಿಯಾಗುತ್ತದೆ. ನಮ್ಮ ಮಹಡಿ ರೂಮಲ್ಲಿ ಆವತ್ತು 37. ಹಾಗಾದರೆ 86 ಬರಬೇಕಿತ್ತು. 76ರಿಂದ 86ರ ತನಕ ಬಿಸಿಲಿನ ಪಾಲು, ಒಪ್ಪಿದೆ. ಅಲ್ಲಿಂದ 100ರ ತನಕ ಯಾರ ಪಾಲು? ಅದನ್ನೇ ಹುಡುಕಬೇಕು.

ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಪಿಸಿ ಬಿಸಿಯಾದರೆ ಮೊದಲು ಈ ಕಳೆಯುವ ಲೆಕ್ಕ ಮಾಡಿ ಅಂತ ನಾನು ಎಲ್ಲರಿಗೂ ಹೇಳೋದು. ಹೊರಗಡೆ ವಿಡಿಯೋದಲ್ಲಿ ಯಾರೋ 22 ಡಿಗ್ರಿ ಎಸಿ ರೂಮಲ್ಲಿ ಕೂತು "ನನ್ನದು 65 ದಾಟಲ್ಲ" ಅನ್ನುತ್ತಾರೆ. ಅದನ್ನು ನೋಡಿ ನೀವು 40 ಡಿಗ್ರಿ ರೂಮಲ್ಲಿ 83 ಬಂದದ್ದಕ್ಕೆ ಹೆದರಿ ಹೊಸ ಕೂಲರ್ ಕೊಳ್ಳುತ್ತೀರಿ. ಎರಡರಲ್ಲೂ ಏರಿಕೆ 43, ಅಲ್ವಾ? ಅದೇ ರೀತಿ ನಿಜವಾದ ದೋಷ ಇದ್ದಾಗ "ಬಿಸಿಲು ಬಿಡು" ಅಂತ ಸುಮ್ನೆ ಕೂತವರೂ ಇದ್ದಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಇಡೀ ಡಬ್ಬಿಗೇ ಸಿಪಿಯು ಅನ್ನುವುದು ಅಭ್ಯಾಸ. ಇಲ್ಲಿ ಗೊಂದಲ ಬೇಡ ಅಂತ ಒಳಗಿನ ಚಿಪ್ಪಿಗೆ ಪ್ರೊಸೆಸರ್, ಡಬ್ಬಿಗೆ ಕ್ಯಾಬಿನೆಟ್ ಅನ್ನುತ್ತೇನೆ.

ಮೂರು ಅಂಕಿ ಬರೆದುಕೊಳ್ಳಿ

ಎಚ್‌ಡಬ್ಲ್ಯೂಇನ್ಫೋ ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ, ಸೆನ್ಸಾರ್ ಪಟ್ಟಿ ತೆರೆದಿಟ್ಟು 20 ನಿಮಿಷ ಗೇಮ್ ಆಡಿ. ಆಮೇಲೆ ನೋಡಬೇಕಾದದ್ದು ಮೂರೇ: ಪ್ರೊಸೆಸರ್ ತಾಪಮಾನ, ಅದು ತಿನ್ನುತ್ತಿರುವ ವ್ಯಾಟ್, ಓಡುತ್ತಿರುವ ಗಿಗಾಹರ್ಟ್ಜ್ (ಅಂದರೆ ಅದರ ವೇಗ). ಜೊತೆಗೆ ಥರ್ಮಲ್ ಥ್ರಾಟ್ಲಿಂಗ್ ಅನ್ನುವ ಸಾಲಿನಲ್ಲಿ 'ಯೆಸ್' ಬಂದಿದೆಯಾ ನೋಡಿ. ಬಂದಿದ್ದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತಿದೆ ಅಂತ ಅರ್ಥ. ಗೇಮ್ ತಡವರಿಸುವುದು ಇದಕ್ಕೇ.

ರೂಮಿನ ತಾಪಮಾನಕ್ಕೆ ಮೊಬೈಲಿನ ಹವಾಮಾನ ನೋಡಬೇಡಿ, ಅದು ಊರಿನದು. ಗೋಡೆಗೆ ಹಾಕುವ ಚಿಕ್ಕ ಡಿಜಿಟಲ್ ಥರ್ಮಾಮೀಟರ್ ತಂದು ಕ್ಯಾಬಿನೆಟ್ ಗಾಳಿ ಎಳೆಯುವ ಮುಂಭಾಗದ ಹತ್ತಿರ ಇಡಿ. ಹಳೆ ಮಾಳಿಗೆ ಮನೆಯ ಒಳಗಿಗೂ ಆರ್‌ಸಿಸಿ ತಾರಸಿಯ ಕೆಳಗಿನ ರೂಮಿಗೂ ಎಷ್ಟು ವ್ಯತ್ಯಾಸ ಅಂತ ನಿಮಗೇ ಗೊತ್ತಾಗುತ್ತದೆ. ತಾರಸಿ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಬಿಡುತ್ತದೆ. ಹುಡುಗರು ಗೇಮಿಗೆ ಕೂರುವುದೂ ರಾತ್ರಿಯೇ.

ನಮ್ಮ ಪಿಸಿಯಲ್ಲಿ ಇದ್ದದ್ದು ಇಂಟೆಲ್ ಐ5-10400ಎಫ್. ಇದರ ಗರಿಷ್ಠ ಮಿತಿ 100 ಡಿಗ್ರಿ. ಎಲ್ಲ ಕೋರ್ ಸೇರಿ ಓಡಿದರೂ 4.0 ಗಿಗಾಹರ್ಟ್ಜ್ ತನಕ ಹೋಗಬಲ್ಲದು. ನಾವು ಕಂಡದ್ದು 100 ಡಿಗ್ರಿ, 2.2 ಗಿಗಾಹರ್ಟ್ಜ್, 42 ವ್ಯಾಟ್.

ಆ 42 ನೋಡಿದಾಗಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಇದು 65 ವ್ಯಾಟಿನ ಪ್ರೊಸೆಸರ್, ಬಾಕ್ಸಿನಲ್ಲೇ ಬಂದ ಕೂಲರ್ ಅಷ್ಟನ್ನು ತಾಳಿಕೊಳ್ಳಬೇಕು. 42 ವ್ಯಾಟಿಗೇ ಉಸಿರು ಕಟ್ಟಿದೆ ಅಂದರೆ ಬಿಸಿ ಪ್ರೊಸೆಸರಿನಿಂದ ಕೂಲರಿಗೆ ದಾಟುತ್ತಲೇ ಇಲ್ಲ. ಇದಕ್ಕೆ ತದ್ವಿರುದ್ಧ ಪರಿಸ್ಥಿತಿಯೂ ಉಂಟು. ನಿಮ್ಮಲ್ಲಿ 120, 130 ವ್ಯಾಟ್ ತೋರಿಸಿ 95 ಡಿಗ್ರಿ ಬಂದರೆ ಕೂಲರ್ ತನ್ನ ಕೆಲಸ ಮಾಡುತ್ತಿದೆ, ಹೊರೆಯೇ ಜಾಸ್ತಿ. ಆಗ ಪ್ರೊಸೆಸರಿಗೂ ಕೂಲರಿಗೂ ನಡುವೆ ಬಿಸಿ ದಾಟಿಸುವ ಪೇಸ್ಟ್ ಹಚ್ಚಿ ಹಚ್ಚಿ ಕೂತರೆ ಪ್ರಯೋಜನ ಇಲ್ಲ, ಬಯೋಸ್‌ಗೆ, ಅಂದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗಿಗೆ ಹೋಗಬೇಕು. ತಾಪಮಾನ ಒಂದನ್ನೇ ನೋಡಿದರೆ ಈ ಎರಡೂ ಒಂದೇ ಥರ ಕಾಣುತ್ತವೆ.

ನಿಮ್ಮ ಪ್ರೊಸೆಸರಿನ ಮಿತಿ ಎಷ್ಟು ಅಂತ ಕಂಪನಿಯ ಪುಟದಲ್ಲಿ ನೋಡಿಕೊಳ್ಳಿ. ಎಎಂಡಿ ಕಂಪನಿಯ ರೈಜನ್ 5 5600ಕ್ಕೆ 90, 5600ಎಕ್ಸ್‌ಗೆ 95. ರೈಜನ್ 7000 ಸಾಲಿನ ಎಕ್ಸ್ ಮಾದರಿಗಳು ಪೂರ್ತಿ ಹೊರೆಯಲ್ಲಿ 95ರ ತನಕ ಹೋಗುವಂತೆಯೇ ಮಾಡಿದವು, ಅದು ರೋಗವಲ್ಲ.

ಏರುವ ರೀತಿ ನೋಡಿ

ಎಷ್ಟು ಏರಿತು ಅನ್ನುವುದಕ್ಕಿಂತ ಎಷ್ಟು ಬೇಗ ಏರಿತು ಅನ್ನುವುದು ಜಾಸ್ತಿ ಹೇಳುತ್ತದೆ. ಗ್ರಾಫ್ ತೆರೆದಿಟ್ಟು ಸಿನೆಬೆಂಚ್ ಒತ್ತಿ, ಅದು ಪ್ರೊಸೆಸರಿಗೆ ಪೂರ್ತಿ ಹೊರೆ ಕೊಟ್ಟು ಪರೀಕ್ಷಿಸುವ ತಂತ್ರಾಂಶ. ಎರಡು ಮೂರು ಸೆಕೆಂಡಿನಲ್ಲಿ 55ರಿಂದ 95ಕ್ಕೆ ಹಾರಿ, ನಿಲ್ಲಿಸಿದ ತಕ್ಷಣ ಧೊಪ್ಪನೆ ಬಿದ್ದರೆ ಪ್ರೊಸೆಸರಿಗೂ ಕೂಲರಿಗೂ ನಡುವೆ ಸಂಪರ್ಕ ಸರಿ ಇಲ್ಲ. ಪೇಸ್ಟ್ ಒಣಗಿರಬಹುದು, ಕೂಲರ್ ಎದ್ದಿರಬಹುದು, ಹೊಸ ಪಿಸಿ ಆದರೆ ಕೂಲರ್ ಕೆಳಗಿನ ಪ್ಲಾಸ್ಟಿಕ್ ಹಾಳೆ ಕೀಳದೇ ಕೂರಿಸಿರಬಹುದು. ಪ್ರೊಸೆಸರಿಗೆ ಪೈಪಿನಲ್ಲಿ ನೀರು ಹರಿಸುವ ಕೂಲರ್ ಇದ್ದು ಹೀಗಾದರೆ ಪಂಪ್ ನಿಂತಿರುವ ಸಾಧ್ಯತೆ ದೊಡ್ಡದು, ಪಂಪಿನ ಆರ್‌ಪಿಎಂ ನೋಡಿ.

ಮೆಲ್ಲಗೆ, ಹತ್ತು ಹದಿನೈದು ನಿಮಿಷ ತಗೊಂಡು ಏರಿದರೆ ಸಂಪರ್ಕ ಚೆನ್ನಾಗಿದೆ, ಗಾಳಿ ಆಡುತ್ತಿಲ್ಲ. ಆಗ ಕ್ಯಾಬಿನೆಟ್ಟಿನ ಸೈಡ್ ಪ್ಯಾನೆಲ್ ತೆಗೆದು ಅದೇ ಗೇಮನ್ನು ಅಷ್ಟೇ ಹೊತ್ತು ಆಡಿ. ಎಂಟು ಹತ್ತು ಡಿಗ್ರಿ ಇಳಿದರೆ ಕ್ಯಾಬಿನೆಟ್ಟೇ ಉಸಿರಾಡುತ್ತಿಲ್ಲ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ಕೂಲರಿನ ರೆಕ್ಕೆಗಳಲ್ಲೇ ಧೂಳು ಕಟ್ಟಿದೆಯಾ ನೋಡಿ.

ಇನ್ನೊಂದು ಗುರುತು ಇದೆ. ಸಿನೆಬೆಂಚಿನಲ್ಲಿ ಹತ್ತು ನಿಮಿಷ ಸರಿ ಇದ್ದು ಗೇಮಿನಲ್ಲಿ ಮಾತ್ರ ಪ್ರೊಸೆಸರ್ ಕಾದರೆ, ಬಿಸಿ ಗ್ರಾಫಿಕ್ಸ್ ಕಾರ್ಡಿನದು. ಕಾರ್ಡು ಕೆಳಗೆ, ಪ್ರೊಸೆಸರ್ ಮೇಲೆ, ಕಾರ್ಡು ಉಗುಳಿದ ಬಿಸಿಗಾಳಿಯನ್ನೇ ಕೂಲರ್ ಎಳೆದುಕೊಳ್ಳುತ್ತಿರುತ್ತದೆ. ಪೇಸ್ಟ್ ಬದಲಿಸಿದರೆ ಇದು ಹೋಗಲ್ಲ, ಹಿಂದಿನಿಂದ ಗಾಳಿ ಹೊರಹಾಕುವ ಫ್ಯಾನ್ ಬೇಕು.

ನಮ್ಮದು ಮೊದಲನೇ ಥರ. ಮೂರನೇ ಸೆಕೆಂಡಿಗೆ 97.

ಬಿಚ್ಚಿದಾಗ ಕಂಡದ್ದು

ಪ್ಲಗ್ ಕಿತ್ತೆವು. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟು ಖಾಲಿ ಮಾಡಿದೆವು. ಕ್ಯಾಬಿನೆಟ್ ಮಲಗಿಸಿ ಕೂಲರನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿದೆ. ಒಂದು ಮೂಲೆ ಆಡಿತು. ಅಷ್ಟೇ, ಸಿಕ್ಕಿಬಿತ್ತು.

ಬಾಕ್ಸಿನಲ್ಲಿ ಬರುವ ಈ ಥರದ ಕೂಲರಿಗೆ ನಾಲ್ಕು ಕಾಲು. ಪ್ರತಿ ಕಾಲನ್ನೂ ಮದರ್‌ಬೋರ್ಡಿನ ತೂತಿಗೆ ಒತ್ತಿದರೆ ಟಕ್ ಅಂತ ಕೂರಬೇಕು. ಬಸ್ಸಿನ ಡಿಕ್ಕಿಯಲ್ಲಿ ರಾತ್ರಿಯಿಡೀ ಕುಲುಕಾಡಿ ಒಂದು ಕಾಲು ಮೇಲೆದ್ದಿತ್ತು. ಒಂದು ಕಾಲು ಎದ್ದರೆ ಸಾಕು, ಕೂಲರ್ ಆ ಕಡೆ ಕೂದಲೆಳೆಯಷ್ಟು ಎತ್ತರಾಗುತ್ತದೆ, ಆ ಸಂದಿಯಲ್ಲಿ ಗಾಳಿ ನಿಲ್ಲುತ್ತದೆ, ಗಾಳಿ ಬಿಸಿಯನ್ನು ಬಹಳ ಕಡಿಮೆ ದಾಟಿಸುತ್ತದೆ. ಪೇಸ್ಟ್ ಹಚ್ಚುವುದೇ ಲೋಹದ ಎರಡು ಮೈಗಳ ನಡುವಿನ ಗಾಳಿಯನ್ನು ಓಡಿಸಲು.

ಆ ಕಾಲೊಂದನ್ನು ಒತ್ತಿ ಮುಗಿಸಬಹುದಿತ್ತು. ಆದರೆ ಒಮ್ಮೆ ಎದ್ದ ಕೂಲರಿನ ಕೆಳಗೆ ಹಳೆ ಪೇಸ್ಟ್ ಮತ್ತೆ ಸರಿಯಾಗಿ ಹರಡುವುದಿಲ್ಲ. ಅದಕ್ಕೇ ಪೂರ್ತಿ ಬಿಚ್ಚಿದೆವು. ಬಿಚ್ಚುವ ಮೊದಲು ಐದು ನಿಮಿಷ ಪಿಸಿ ಓಡಿಸಿದ್ದರೆ ಪೇಸ್ಟ್ ಸ್ವಲ್ಪ ಮೆತ್ತಗಾಗಿ ಸುಲಭ. ಹಳೆ ರೈಜನ್, ಅಂದರೆ ಎಎಂ4 ಬೋರ್ಡ್ ಇರುವವರು ಇಲ್ಲಿ ತುಂಬಾ ಹುಷಾರು: ಕೂಲರನ್ನು ನೇರ ಮೇಲಕ್ಕೆ ಜಗ್ಗಿದರೆ ಪ್ರೊಸೆಸರ್ ಕೂಡ ಅಂಟಿಕೊಂಡು ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಮೊದಲು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ, ಅಂಟು ಬಿಟ್ಟ ಮೇಲೆ ಎತ್ತಿ.

ಹಳೆ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಮೊಬೈಲ್ ರಿಪೇರಿಯವರ ಹತ್ತಿರ ಐಪಿಎ ಅಂತ ಕೇಳಿದರೆ ಗೊತ್ತಾಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಬೇಡ, ಅದರಲ್ಲಿ ಬೇರೆ ಜಿಡ್ಡು ಇರುತ್ತದೆ. ನೂಲು ಬಿಡದ ಬಟ್ಟೆಯಲ್ಲಿ ಎರಡೂ ಮೈ ಕನ್ನಡಿಯಂತೆ ಆಗುವ ತನಕ ಒರೆಸಿ. ಹೊಸ ಪೇಸ್ಟ್ ನಡುವೆ ಒಂದು ಬಟಾಣಿ ಕಾಳಿನಷ್ಟು. ನಾವು ಹಾಕಿದ್ದು ಆರ್ಕ್ಟಿಕ್ ಎಂಎಕ್ಸ್-4, ಕರೆಂಟು ಹರಿಸದ ಪೇಸ್ಟ್ ಆದ್ದರಿಂದ ಚೂರು ಆಚೀಚೆ ಬಿದ್ದರೂ ಭಯವಿಲ್ಲ. ಟೂತ್‌ಪೇಸ್ಟ್ ಹಚ್ಚಬಹುದು ಅಂತ ಯಾರೋ ಹೇಳುತ್ತಾರೆ, ದಯವಿಟ್ಟು ಬೇಡ. ಅದರ ನೀರು ಬೇಗ ಆರಿ ಪುಡಿಯಾಗುತ್ತದೆ.

ಕೂರಿಸುವಾಗ ನಾಲ್ಕು ಕಾಲಿನ ಕರಿ ಟೋಪಿಗಳನ್ನೂ ಮೊದಲು ಲಾಕ್ ಆಗುವ ಕಡೆಗೇ ತಿರುಗಿಸಿಟ್ಟುಕೊಳ್ಳಿ. ಟೋಪಿಯ ಮೇಲಿನ ಬಾಣ ಬಿಚ್ಚುವ ದಿಕ್ಕು ತೋರಿಸುತ್ತದೆ, ಕೂರಿಸುವ ದಿಕ್ಕಲ್ಲ. ಇದನ್ನು ತಪ್ಪಾಗಿ ತಿಳಿದು ಒದ್ದಾಡುವವರೇ ಜಾಸ್ತಿ. ಆಮೇಲೆ ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಿ. ಟಕ್ ಅಂದರೂ ನಂಬಬೇಡಿ. ಬೋರ್ಡಿನ ಹಿಂಬದಿಯಿಂದ ಟಾರ್ಚ್ ಹಾಕಿ ನೋಡಿ, ನಾಲ್ಕೂ ಕಾಲಿನ ತುದಿ ಒಂದೇ ಅಳತೆಗೆ ಹೊರಬಂದು ಅಗಲವಾಗಿ ತೆರೆದಿರಬೇಕು. ಒಂದು ಗಿಡ್ಡ ಕಂಡರೂ ಮತ್ತೆ ಬಿಚ್ಚಿ ಕೂರಿಸಿ.

ನಮ್ಮೂರ ಧೂಳು

ಬಿಚ್ಚಿದಾಗ ಕೂಲರ್ ರೆಕ್ಕೆಗಳ ನಡುವೆ ನೀಲಿ ನೂಲಿನ ಧೂಳು ಹತ್ತಿಯಂತೆ ಮೆತ್ತಿತ್ತು. ಅವನು ಬಂದು ಮೂರು ವಾರವಾಗಿತ್ತು ಅಷ್ಟೇ. ನಮ್ಮ ಕೆಳಗಿನ ಮನೆಯಲ್ಲಿ ಜೀನ್ಸ್ ಹೊಲಿಗೆ ಮಷಿನ್ ಓಡುತ್ತವೆ, ಬಳ್ಳಾರಿಯಲ್ಲಿ ಇಂಥ ಮನೆಗಳು ಬೀದಿಗೆ ಹತ್ತು. ಆ ನೂಲು ಹಗುರ, ಮೆಟ್ಟಿಲು ಹತ್ತಿ ಬರುತ್ತದೆ. ಗಂಗಾವತಿಯಲ್ಲಿ ರೈಸ್ ಮಿಲ್ಲಿನ ಹತ್ತಿರ ಇದ್ದರೆ ತೌಡಿನ ಧೂಳು, ರಾಯಚೂರಲ್ಲಿ ಜಿನ್ನಿಂಗ್ ಮಿಲ್ ಪಕ್ಕ ಹತ್ತಿ ನಾರು, ಸಂಡೂರಿನ ರಸ್ತೆಗಳ ಬದಿಗೆ ಅದಿರಿನ ಕೆಂಪು ಧೂಳು. ನೂಲು ಮತ್ತು ನಾರು ರೆಕ್ಕೆಗಳ ಮೇಲೆ ಜಾಲರಿಯಂತೆ ಹೆಣೆದುಕೊಂಡು ಗಾಳಿಯನ್ನು ಪೂರ್ತಿ ತಡೆಯುತ್ತವೆ. ಮೇಲಿನಿಂದ ನೋಡಿದರೆ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಕೆಳಗೆ ಗಾಳಿಯೇ ಇಳಿದಿರುವುದಿಲ್ಲ. ಹಾಗಾಗಿ ಫ್ಯಾನ್ ಬಿಚ್ಚಿ ಅದರ ಕೆಳಗೆ ನೋಡಿ.

ಸ್ವಚ್ಛ ಮಾಡಲು ಒಣ ಪೇಂಟ್ ಬ್ರಷ್ಷು, ಒಂದು ಚಿಕ್ಕ ಬ್ಲೋವರ್ ಸಾಕು. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದಿರಿ, ಗಾಳಿಯ ಹೊಡೆತಕ್ಕೆ ವಿಪರೀತ ತಿರುಗಿದರೆ ಬೇರಿಂಗ್ ಹಾಳು. ಬೈಕಲ್ಲಿ ಕ್ಯಾಬಿನೆಟ್ ಇಟ್ಟುಕೊಂಡು ಪಂಚರ್ ಅಂಗಡಿಯ ಕಂಪ್ರೆಸರ್‌ಗೆ ಹೋಗುವವರನ್ನು ನೋಡಿದ್ದೇನೆ. ಆ ಗಾಳಿಯ ಜೊತೆ ಟ್ಯಾಂಕಿನ ನೀರು, ಎಣ್ಣೆಯ ಹನಿ ಕೂಡ ಬರುತ್ತವೆ. ಬೇಡ.

ಫ್ಯಾನುಗಳ ದಿಕ್ಕು ಪರೀಕ್ಷಿಸಲು ಒಂದು ಊದುಬತ್ತಿ ಹಚ್ಚಿ. ಮುಂದೆ ಹಿಡಿದರೆ ಹೊಗೆ ಒಳಗೆ ಹೋಗಬೇಕು, ಹಿಂದೆ ಹಿಡಿದರೆ ದೂರ ತಳ್ಳಬೇಕು. ಕಂಪ್ಯೂಟರ್ ಟೇಬಲ್ಲಿನ ಗೂಡಿನೊಳಗೆ ಕ್ಯಾಬಿನೆಟ್ ತುರುಕಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಗೂಡಿನಲ್ಲಿ ಹಿಂದಿನಿಂದ ಹೋದ ಬಿಸಿಗಾಳಿ ಸುತ್ತಿಕೊಂಡು ಮುಂದಿನಿಂದ ಮತ್ತೆ ಒಳಗೆ ಬರುತ್ತದೆ.

ಮತ್ತೆ ಜೋಡಿಸಿದ ಮೇಲೆ ಅದೇ ರೂಮು, ಅದೇ 37 ಡಿಗ್ರಿ, ಅದೇ ಗೇಮ್. 62 ವ್ಯಾಟಿಗೆ 83. ಏರಿಕೆ 46. ಬೆಂಗಳೂರಿನ 49ಕ್ಕಿಂತ ಮೂರು ಕಡಿಮೆಯೇ. ಗಿಗಾಹರ್ಟ್ಜ್ 4.0ರಲ್ಲಿ ಕದಲದೆ ನಿಂತಿತು. ಹುಡುಗನ ಮುಖ ನೋಡಬೇಕಿತ್ತು.

ಹೊರೆ ಇಳಿಸುವುದು

ದೋಷ ಇಲ್ಲಿಗೆ ಮುಗಿಯಿತು. ಆದರೆ ಮೇ ಇನ್ನೂ ಬಾಕಿ ಇತ್ತು, ಸ್ವಲ್ಪ ಅಂತರ ಇಟ್ಟುಕೊಳ್ಳೋಣ ಅಂತ ಇನ್ನೊಂದಿಷ್ಟು ಮಾಡಿದೆವು.

ಎಲ್ಲಕ್ಕಿಂತ ಲಾಭ ಕೊಟ್ಟದ್ದು ಎಫ್‌ಪಿಎಸ್ (ಸೆಕೆಂಡಿಗೆ ತಯಾರಾಗುವ ಚಿತ್ರಗಳ ಸಂಖ್ಯೆ) ಮಿತಿ. ಅವನ ಮಾನಿಟರ್ 75 ಹರ್ಟ್ಜ್, ಅಂದರೆ ಸೆಕೆಂಡಿಗೆ 75 ಚಿತ್ರ ತೋರಿಸುವಂಥದ್ದು, ಗೇಮ್ ಓಡುತ್ತಿದ್ದದ್ದು 190 ಎಫ್‌ಪಿಎಸ್‌ನಲ್ಲಿ. ಪರದೆ ತೋರಿಸಲಾಗದ ಚಿತ್ರಗಳನ್ನು ಪ್ರೊಸೆಸರ್ ಸುಮ್ನೆ ತಯಾರಿಸಿ ಬಿಸಾಡುತ್ತಿತ್ತು. ಗೇಮಿನ ಸೆಟ್ಟಿಂಗಿನಲ್ಲಿ 75ಕ್ಕೆ ಕಟ್ಟಿದೆವು, ಏಳು ಡಿಗ್ರಿ ಇಳಿಯಿತು. ಪೈಸೆ ಖರ್ಚಿಲ್ಲ. ಪಂದ್ಯದ ಗೇಮ್ ಆಡುವವರು ಜಾಸ್ತಿ ಎಫ್‌ಪಿಎಸ್ ಇದ್ದರೆ ಮೌಸ್ ಬೇಗ ಸ್ಪಂದಿಸುತ್ತದೆ ಅನ್ನುತ್ತಾರೆ, ಅದೂ ನಿಜ. ಅಂಥವರು 120ಕ್ಕೆ ಕಟ್ಟಿ ನೋಡಿ.

ಬಯೋಸಿನಲ್ಲಿ ವ್ಯಾಟ್ ಮಿತಿ ನೋಡಿ. 10400ಎಫ್‌ಗೆ ಇಂಟೆಲ್ ಹೇಳಿದ್ದು ಪಿಎಲ್1 (ಸದಾ ಓಡುವ ಮಿತಿ) 65 ವ್ಯಾಟ್, ಪಿಎಲ್2 (ಸ್ವಲ್ಪ ಹೊತ್ತಿನ ಮಿತಿ) 134 ವ್ಯಾಟ್, ಅದೂ 28 ಸೆಕೆಂಡ್ ಮಾತ್ರ. ಕೆಲವು ಬೋರ್ಡುಗಳು ಈ ಮಿತಿಯನ್ನು ತೆಗೆದುಹಾಕಿಯೇ ಬರುತ್ತವೆ. ಬಾಕ್ಸಿನ ಚಿಕ್ಕ ಕೂಲರ್ ಇದ್ದರೆ ಇಂಟೆಲ್ ಹೇಳಿದ ಮಿತಿಯೇ ವಾಸಿ. ರೈಜನ್‌ನವರಿಗೆ ಪಿಬಿಒ (ವ್ಯಾಟ್ ಮಿತಿ ಮೀರಿ ಓಡಿಸುವ ಸೆಟ್ಟಿಂಗ್) ಆಫ್ ಮಾಡುವುದು ಅಥವಾ ವ್ಯಾಟ್ ಕಡಿಮೆ ಮಾಡುವ ಇಕೋ ಮೋಡ್ ಇದೇ ಕೆಲಸ ಮಾಡುತ್ತದೆ. ಬಯೋಸ್ ಮುಟ್ಟಲು ಭಯವಾದರೆ ವಿಂಡೋಸ್ ಪವರ್ ಪ್ಲ್ಯಾನಿನಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿ. ಟರ್ಬೋ, ಅಂದರೆ ಮೂಲ ವೇಗಕ್ಕಿಂತ ಮೇಲೆ ಓಡುವುದು, ಬಂದ್ ಆಗುತ್ತದೆ, 10400ಎಫ್ ಆದರೆ 2.9 ಗಿಗಾಹರ್ಟ್ಜ್‌ಗೆ ನಿಲ್ಲುತ್ತದೆ, ತಾಪಮಾನ ಚೆನ್ನಾಗಿ ಇಳಿಯುತ್ತದೆ. ವೇಗವೂ ಇಳಿಯುತ್ತದೆ, ಅದಕ್ಕೇ ಇದನ್ನು ರಿಪೇರಿ ಆಗುವ ತನಕದ ತಾತ್ಕಾಲಿಕ ದಾರಿ ಅಂತ ಇಟ್ಟುಕೊಳ್ಳಿ.

ಗೇಮ್ ಇಲ್ಲದಾಗಲೂ ಪ್ರೊಸೆಸರ್ 60, 70 ಶೇಕಡಾ ದುಡಿಯುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಯಾರು ತಿನ್ನುತ್ತಿದ್ದಾರೆ ನೋಡಿ. ಕ್ರ್ಯಾಕ್ ಮಾಡಿದ ಗೇಮ್ ಜೊತೆ ಬಂದ ಮೈನರ್ (ಕದ್ದುಮುಚ್ಚಿ ಬೇರೆಯವರಿಗೆ ಕ್ರಿಪ್ಟೋ ನಾಣ್ಯ ಗಳಿಸುವ ತಂತ್ರಾಂಶ) ಇದ್ದರೆ ಯಾವ ಕೂಲರೂ ಉಳಿಸಲ್ಲ.

ರೂಮಿಗೆ ಇಡುವ ನೀರಿನ ಏರ್ ಕೂಲರ್ ಬಗ್ಗೆ ಹೇಳಲೇಬೇಕು, ನಮ್ಮ ಕಡೆ ಅದಿಲ್ಲದ ಮನೆ ಕಡಿಮೆ. ಒಣ ಸೆಖೆಯಲ್ಲಿ ಅದು ರೂಮನ್ನು ನಿಜವಾಗಿಯೂ ತಣ್ಣಗೆ ಮಾಡುತ್ತದೆ, ರೂಮು ಇಳಿದಷ್ಟು ಪ್ರೊಸೆಸರೂ ಇಳಿಯುತ್ತದೆ. ಆದರೆ ಅದರ ಬಾಯಿಗೆ ನೇರ ಕ್ಯಾಬಿನೆಟ್ ಇಡಬೇಡಿ. ಗಾಳಿಯ ಜೊತೆ ಸಣ್ಣ ಹನಿಗಳೂ ಹಾರುತ್ತವೆ. ಬೋರ್ ನೀರು ಕೂಲರಿನ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟುವುದನ್ನು ನೋಡಿದ್ದೀರಲ್ಲ, ಅದೇ ನೀರು ಬೋರ್ಡಿನ ಮೇಲೆ ಆರುವುದು ಬೇಡ. ಕಿಟಕಿ ತೆರೆದಿಟ್ಟು, ಕ್ಯಾಬಿನೆಟ್ಟನ್ನು ಅದರ ಪಕ್ಕಕ್ಕೆ, ದೂರ ಇಡಿ.

ತಡವರಿಸುವ ಬದಲು ಪಿಸಿ ಒಮ್ಮೆಲೇ ಆಫ್ ಆಗುತ್ತಿದ್ದರೆ ಎಚ್‌ಡಬ್ಲ್ಯೂಇನ್ಫೋದಲ್ಲಿ ಲಾಗ್ ಶುರು ಮಾಡಿ ಆಡಿ, ಆಫ್ ಆದ ಮೇಲೆ ಕೊನೆಯ ಸಾಲು ನೋಡಿ. 100ರ ಹತ್ತಿರ ಇದ್ದರೆ ಬಿಸಿಯದೇ ಕೆಲಸ. 70ರಲ್ಲೇ ಆಫ್ ಆಗಿದ್ದರೆ ಕೂಲರ್ ಮುಟ್ಟಬೇಡಿ, ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಕೊಡುವ ಡಬ್ಬಿ), ಯುಪಿಎಸ್, ಮನೆಯ ವೋಲ್ಟೇಜ್ ಕಡೆ ಹೋಗಿ. ತಾಪಮಾನ ಸರಿ ಇದ್ದೂ ಗೇಮ್ ಮಾತ್ರ ಕ್ರ್ಯಾಶ್ ಆಗುತ್ತಿದ್ದು ನಿಮ್ಮದು ಇಂಟೆಲ್ 13 ಅಥವಾ 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್ ಆಗಿದ್ದರೆ ಬಯೋಸ್ ಅಪ್‌ಡೇಟ್ ಮಾಡಿ. ಅವು ಬೇಕಾದದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುವ ತೊಂದರೆಗೆ ಇಂಟೆಲ್ 2024ರಲ್ಲಿ ತಿದ್ದುಪಡಿ ಬಿಟ್ಟಿದೆ, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿದೆ.

ಲ್ಯಾಪ್‌ಟಾಪಿನವರಿಗೂ ಕಳೆಯುವ ಲೆಕ್ಕ ಇದೇ. ಹಾಸಿಗೆ ಮೇಲಿಂದ ಎತ್ತಿ, ಹಿಂಭಾಗಕ್ಕೆ ಎರಡು ಇಂಚು ಆಸರೆ ಕೊಟ್ಟು ಮತ್ತೆ ಅಳೆಯಿರಿ. ಆದರೂ ಏರಿಕೆ ಮೊದಲಿನಷ್ಟೇ ಇದ್ದರೆ ಬಿಚ್ಚಿಸಿ ಧೂಳು ತೆಗೆಸಿ.

ಮೇ ಮಧ್ಯದಲ್ಲಿ ರೂಮು 39 ಆದ ದಿನ ಮತ್ತೆ ಅಳೆದೆವು. 78 ಬಂತು. ಏರಿಕೆ 39. ಜೂನಲ್ಲಿ ಅವನು ವಾಪಸ್ ಹೊರಟಾಗ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಡಬ್ಬಿಗೆ ಹಾಕಿದೆವು. ಕ್ಯಾಬಿನೆಟ್ಟನ್ನು ಮದರ್‌ಬೋರ್ಡ್ ಕೆಳಗೆ ಬರುವಂತೆ ಮಲಗಿಸಿ, ಹಳೆ ಕೌದಿ ಸುತ್ತಿ ಕಟ್ಟಿದೆವು. ಹಾಗೆ ಮಲಗಿಸಿದರೆ ಕೂಲರಿನ ಭಾರ ಆ ನಾಲ್ಕು ಕಾಲುಗಳನ್ನು ಎಳೆಯುವುದಿಲ್ಲ, ಬೋರ್ಡಿನ ಮೇಲೇ ಕೂತಿರುತ್ತದೆ. ಡಿಕ್ಕಿಗೆ ಬೇಡ ಅಂತ ಪಕ್ಕದ ಸೀಟಿಗೂ ಟಿಕೆಟ್ ಮಾಡಿಸಿದೆ. ಬೆಳಿಗ್ಗೆ ಬೆಂಗಳೂರಿನಿಂದ ಫೋಟೋ ಕಳಿಸಿದ: ರೂಮು 25, ಪ್ರೊಸೆಸರ್ 64.